ಹನ್ನೊಂದನೇ ನಂಬರಿನ ಮೇಲೆ ಕುಂಕುಮ

೩೦ ಜನವರಿ ೧೯೬೬, ಹೊಸನಗರ

ನಾಲ್ಕು ಬ್ಲೌಸ್ ಹೊಲಿದೆ. ಒಂದರ ತೋಳು ಉಲ್ಟಾ. ಬಿಚ್ಚಿ ಮತ್ತೆ ಹೊಲಿಯಬೇಕು. ಮನಸ್ಸೆಲ್ಲ ಸಾಗರದಲ್ಲಿ, ಅಣ್ಣನ ಗ್ಯಾರೇಜಿನಲ್ಲಿ. ಕಾರು ರೆಡಿ! ಯಾರೋ ಗುಜರಿಗೆ ಹಾಕಿದ್ದ ಫಿಯಟ್. ಮದ್ರಾಸಿನ ಹತ್ತಿರ ಹಳೆ ಏರೋಡ್ರೋಮಿನಲ್ಲಿ ದೊಡ್ಡ ರೇಸು. ಅಣ್ಣನಿಗೆ ಎಂಟ್ರಿ ಸಿಕ್ಕಿದೆ. ನಂಬರ್ ಹನ್ನೊಂದು. ‘ಬೆಳ್ಳಪ್ಪ, ಸಾಗರ’ ಅಂತ ಅವನ ಹೆಸರು ಇಂಗ್ಲಿಷಿನಲ್ಲಿ ಅಚ್ಚು ಹಾಕುತ್ತಾರಂತೆ.

ನನ್ನ ಅಂಗಡಿಯ ಪಕ್ಕ ಸುಬ್ಬರಾಯರ ಹೋಟೆಲು. ಅಲ್ಲಿ ಆಗಲೇ ಎರಡು ಪಾರ್ಟಿ. ಸಾಗರದ ಬಸ್ಸಿನವರು ಅಣ್ಣನ ಕಡೆ. ತೀರ್ಥಹಳ್ಳಿ ಬಸ್ಸಿನವರು ಮಂಜುನಾಥಪ್ಪನವರ ಕಡೆ. ಅವರು ತೀರ್ಥಹಳ್ಳಿಯ ಜಮೀನುದಾರರು, ಅದೇ ರೇಸಿಗೆ ಹೋಗುತ್ತಾರೆ, ಫಾರಿನ್ ಕಾರು. ಸುಬ್ಬರಾಯರು ಇಂಗ್ಲಿಷ್ ಪತ್ರಿಕೆ ತರಿಸಿ ಮೊನಾಕೊ, ಮೊನ್ಜಾ ಎಂದು ಫಾರಿನ್ ರೇಸಿನ ಸುದ್ದಿ ಗಿರಾಕಿಗಳಿಗೆ ಓದಿ ಹೇಳುವವರು. ರೇಸಿನ ವಿಷಯದಲ್ಲಿ ಊರಿಗೆ ಅವರೇ ಜಡ್ಜು.

ಗಲ್ಲಾದಲ್ಲಿ ಕೂತೇ ಕೂಗಿದರು. “ನಿನ್ನಣ್ಣನ ಗಾಡಿ ತಳ್ಳಕ್ಕೆ ಜನ ಬೇಕಾದ್ರೆ ಹೇಳೇ ಕನ್ನಮ್ಮ, ನಮ್ಮ ಸಪ್ಲೈಯರ್‌ನ ಕಳಿಸ್ತೀನಿ.”

“ಬೇಡ ಸುಬ್ಬರಾಯ್ರೇ. ಅವನು ಕಾಫಿ ತರೋ ಸ್ಪೀಡು ದಿನಾ ನೋಡ್ತೀನಿ.”

ಹೋಟೆಲೆಲ್ಲ ನಕ್ಕಿತು. ಅವರು ಮಾತ್ರ ಚಿಲ್ಲರೆ ಎಣಿಸಿದರು.

೬ ಫೆಬ್ರವರಿ

ನಾನೂ ಹೋಗುತ್ತೇನೆ ಎಂದೆ. ಮನೆಯಲ್ಲಿ ರಾದ್ಧಾಂತ.

“ಗಂಡಸ್ರು ಗಾಡಿ ಓಡ್ಸೋದು ನೋಡಕ್ಕೆ ಮದ್ರಾಸಿಗೆ ಹೋದ್ಲು ಅಂದ್ರೆ ನಿನ್ನ ನೋಡಿ ಹೋದ ಆಯನೂರಿನೋರು ಸಂಬಂಧ ಬಿಡ್ತಾರೆ” ಎಂದಳು ಅವ್ವ.

“ಬಿಡ್ಲಿ. ಬಸ್ಸು ಹತ್ತಿದ್ರೆ ಬಿಟ್ಟು ಹೋಗೋ ಗಂಡ ನಂಗೆ ಎಂತಕ್ಕೆ?”

ಅವ್ವ ಅನ್ನದ ಪಾತ್ರೆ ಕುಕ್ಕಿ ಎದ್ದು ಹೋದಳು. ನಾನೂ ಸೋಲಲಿಲ್ಲ.

೯ ಫೆಬ್ರವರಿ, ಸಾಗರ

ಕಾರಿಗೆ ಪೂಜೆ. ಅವ್ವನೇ ಮಾಡಿದಳು. ಹೊಳೆ ದಾಟಿ ಹೋಗಿ ತಂದ ಸಿಗಂದೂರಿನ ಕುಂಕುಮ. ಹರಳೆಣ್ಣೆಯಲ್ಲಿ ಕಲಸಿ, ಬಾಗಿಲ ಮೇಲೆ ಬಿಳಿ ದುಂಡಿನಲ್ಲಿ ಹನ್ನೊಂದು ಬರೆದಿತ್ತಲ್ಲ, ಸರಿಯಾಗಿ ಅದರ ನಡುವೆ ಬಳಿದಳು. ಎರಡೂ ಬಾಗಿಲಿಗೆ. ಆ ದುಂಡು ಬಿಟ್ಟಿದ್ದೇ ಕುಂಕುಮಕ್ಕೆ ಅಂದುಕೊಂಡಳು, ಪಾಪ. ಓದಲು ಬಾರದು. ಚಕ್ರದ ಕೆಳಗೆ ನಿಂಬೆಹಣ್ಣು. ಲಾರಿಗೆ ಹತ್ತಿಸಿ ಕಾರು ಹೊರಟಿತು. ಅವ್ವ ಅತ್ತಳು. ನಾನು ಅಳಲಿಲ್ಲ — ಟ್ರಂಕು ಕಟ್ಟುವುದಿತ್ತು.

೧೩ ಫೆಬ್ರವರಿ, ಭಾನುವಾರ, ರೇಸಿನ ಮೈದಾನ, ಸಂಜೆ

ಪೆನ್ನು ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ಬೆಳಿಗ್ಗೆ ಕಾರು ಚೆಕ್ ಮಾಡುವವನು ಬಂದು ನಂಬರಿನ ಮೇಲಿನ ಕುಂಕುಮ ಒರೆಸಿ ಎಂದ. ಅಣ್ಣ ಬಟ್ಟೆ ತೆಗೆದುಕೊಂಡ. ಅಂಚು ಒರೆಸಿ ನಿಲ್ಲಿಸಿದ. ಅವ್ವ ಹಚ್ಚಿದ್ದು... “ಇರ್ಲಿ ಬಿಡೋ, ಓದಕ್ಕೆ ಬರ್ತದೆ” ಎಂದೆ ನಾನೂ. ಆಗ ಓದಲು ಬರುತ್ತಲೂ ಇತ್ತು.

ಬಾವುಟ ಬಿತ್ತು ನೋಡು — ಅಬ್ಬಾ! ಎದೆಯೊಳಗೇ ಇಂಜಿನ್ ಓಡಿದ ಹಾಗೆ. ಧೂಳು, ಪೆಟ್ರೋಲು, ಸುಟ್ಟ ಟಯರಿನ ವಾಸನೆ. ಸಾಗರದವರು ಹಗ್ಗದ ಮೇಲೆ ಬಿದ್ದು ಕೂಗುತ್ತಿದ್ದಾರೆ, ಪಕ್ಕದಲ್ಲೇ ತೀರ್ಥಹಳ್ಳಿಯವರು ಅದಕ್ಕಿಂತ ಜೋರು. ತಿರುವಿನಲ್ಲಿ ಮಂಜುನಾಥಪ್ಪನವರು ಬ್ರೇಕ್ ಹಾಕಿದರು, ಅಣ್ಣ ಹಾಕಲಿಲ್ಲ. ಒಳಗಿನಿಂದ ನುಗ್ಗಿ ಮುಂದೆ! ಕೂಗಿ ಕೂಗಿ ನನ್ನ ಗಂಟಲೇ ಬಿತ್ತು. ಎರಡನೇ ಜಾಗ. ಕಣ್ಣಾರೆ ಕಂಡೆ.

ಆದರೆ ರಿಸಲ್ಟಿನ ಬೋರ್ಡಿನಲ್ಲಿ ಎರಡನೆಯವರು ಮಂಜುನಾಥಪ್ಪ. ಅಣ್ಣನ ಹೆಸರು ಎಲ್ಲೋ ಕೆಳಗೆ. ಎಣ್ಣೆಗೆ ಧೂಳು ಮೆತ್ತಿ ದುಂಡೆಲ್ಲ ಕರ್ರಗಾಗಿತ್ತು. ಸುತ್ತು ಎಣಿಸುವವರಿಗೆ ನಂಬರ್ ಕಾಣಲಿಲ್ಲ, ಕಾಣದ ಸುತ್ತು ಬರೆಯಲಿಲ್ಲ. ಪ್ರೊಟೆಸ್ಟ್ ಕೊಟ್ಟೆವು. ನಂಬರ್ ಓದುವಂತಿರಬೇಕು, ರೂಲು ಎಂದರು. ಹಗ್ಗದ ಹತ್ತಿರ ಎರಡೂ ಊರಿನವರು ಹೊಡೆದಾಡಿಕೊಂಡರು. ನಾನೇ ಮಂಜುನಾಥಪ್ಪನವರ ಎದುರಿಗೆ ಹೋಗಿ ನಿಂತೆ.

“ಅಣ್ಣ ನಿಮ್ಮನ್ನ ದಾಟಿದ್ದು ನೀವು ನೋಡ್ಲಿಲ್ವಾ?”

“ಬೋರ್ಡಲ್ಲಿ ಇದ್ದಿದ್ದೇ ಲೆಕ್ಕ ಕಣಮ್ಮ” ಎಂದು ಕನ್ನಡಕ ಒರೆಸಿಕೊಂಡರು.

೧೭ ಫೆಬ್ರವರಿ, ಹೊಸನಗರ

ಅಣ್ಣ ಕೈ ಮೇಲೆ ಆಣೆ ಹಾಕಿಸಿಕೊಂಡಿದ್ದಾನೆ — ಕುಂಕುಮದ ವಿಷಯ ಅವ್ವನಿಗೆ ಹೇಳಕೂಡದು. ಇಂಜಿನ್ ಬಿಸಿಯಾಗಿ ನಿಂತಿತು ಎಂದೆವು. ಅದೇ ಸುಳ್ಳು ಹೋಟೆಲಿಗೂ ಹೋಯಿತು. ಮೈದಾನಕ್ಕೆ ಬಂದಿದ್ದ ಸಾಗರದವರಿಂದಲೂ ಅಣ್ಣ ಆಣೆ ತೆಗೆದುಕೊಂಡಿದ್ದಾನೆ, ತೀರ್ಥಹಳ್ಳಿಯವರಿಗಂತೂ ಈ ಸುಳ್ಳೇ ಲಾಭ. “ನಿಲ್ದೆ ಇನ್ನೇನಾಗ್ತದೆ? ಗುಜರಿ ಗುಜರಿನೇ” ಎಂದರು ಸುಬ್ಬರಾಯರು. ತೀರ್ಥಹಳ್ಳಿ ಬಸ್ಸು ನನ್ನ ಅಂಗಡಿಯ ಎದುರು ಬೇಕೆಂದೇ ಹಾರ್ನ್ ಬಾರಿಸುತ್ತದೆ. ಹಲ್ಲು ಕಚ್ಚಿಕೊಂಡು ಮಿಷನ್ ತುಳಿಯುತ್ತೇನೆ. ಸೂಜಿ ಎರಡು ಸಲ ಮುರಿಯಿತು.

ಆಯನೂರಿನವರು ಸಂಬಂಧ ಬಿಟ್ಟರಂತೆ. ಒಳ್ಳೆಯದೇ ಆಯಿತು.

೨೩ ಅಕ್ಟೋಬರ್, ಸಾಗರ

ಕಾರಿನ ಮೇಲೆ ಟಾರ್ಪಾಲು. ಅದರ ಮೇಲೆ ಹಳೇ ಟಯರು. ಆಯುಧಪೂಜೆಗೂ ತೆಗೆದಿಲ್ಲವಂತೆ.

“ಈ ಸಲ ಹೋಗಲ್ಲ ಕಣೆ” ಎಂದ ಅಣ್ಣ.

“ಹೆದರಿದ್ಯಾ?”

“ಹೋದ್ರೆ ಅವ್ವ ಮತ್ತೆ ಕುಂಕುಮ ತರ್ತಾಳೆ. ಅವಳ ಎದುರಿಗೆ ಹೆಂಗೆ ಒರೆಸ್ಲಿ? ಯಾಕೆ ಅಂತ ಹೆಂಗೆ ಹೇಳ್ಲಿ? ಹೋಗ್ದೆ ಇರೋದೇ ಸಲೀಸು.”

ಇಷ್ಟೇ ವಿಷಯ! ಅಷ್ಟು ಸ್ಪೀಡಿನಲ್ಲಿ ತಿರುವಿಗೆ ನುಗ್ಗುವವನು, ಅವ್ವನಿಗೆ ಒಂದು ಮಾತು ಹೇಳಲಾರ. ಬೈದು ಬಂದೆ.

೧೮ ಡಿಸೆಂಬರ್, ಹೊಸನಗರ

ಬೆಳಿಗ್ಗೆ ಅವ್ವ ಡಬ್ಬಿ ತಂದು ಮುಂದಿಟ್ಟಳು. ಸಿಗಂದೂರಿನ ಕುಂಕುಮ, ಹೋದ ಸಲದ ಎರಡರಷ್ಟು. “ಹೋದ ಸಲ ಕಮ್ಮಿ ಆಗಿತ್ತು ಕಾಣ್ತದೆ. ಅದಕ್ಕೇ ಬಿಸಿ ಆಯ್ತು ಗಾಡಿ.”

ಇನ್ನು ತಡೆಯಲಾಗಲಿಲ್ಲ. ಆಣೆ ಹಾಳಾಗಲಿ ಎಂದು ಎಲ್ಲ ಹೇಳಿಬಿಟ್ಟೆ. ಎಣ್ಣೆ, ಧೂಳು, ನಂಬರು, ಬೋರ್ಡು.

ಅವ್ವ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು. ಮತ್ತೆ ತೆಗೆದಳು. ನನಗೆ ಭಯವಾಯಿತು.

“ಅಂದ್ರೆ ನನ್ ಮಗ ಸೋತಿಲ್ಲ?”

“ಇಲ್ಲವ್ವಾ.”

“ಮತ್ತೆ ಹತ್ತ್ ತಿಂಗ್ಳು ನನ್ನ ಪೆದ್ದಿ ಮಾಡಿ ಕೂರ್ಸಿದ್ರಾ ಇಬ್ರೂ?”

ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ನೇರ ಹೋಟೆಲಿಗೆ. ಎಂದೂ ಆ ಮೆಟ್ಟಿಲು ಹತ್ತಿದವಳಲ್ಲ. ತೀರ್ಥಹಳ್ಳಿ ಬಸ್ಸಿನವರೆಲ್ಲ ತಿಂಡಿಗೆ ಕೂತಿದ್ದರು.

“ಸುಬ್ಬರಾಯ್ರೇ, ನನ್ ಮಗನ ಗಾಡಿ ನಿಂತಿರ್ಲಿಲ್ಲ. ನಾನು ಬಳಿದ ಕುಂಕುಮ ನಂಬರ್ ಮುಚ್ಚಿದ್ದು. ತಪ್ಪು ನಂದು. ಯಾರಿಗೆ ನಗ್ಬೇಕೋ ನನ್ನ ಮುಖ ನೋಡ್ಕೊಂಡು ನಗಿ.”

ಸುಬ್ಬರಾಯರು ಕುರ್ಚಿ ಎಳೆದರು. “ಕೂತ್ಕಳಿ ಶೇಷಮ್ಮ, ಕಾಫಿ...”

“ಕೂರಕ್ಕೆ ಬಂದಿಲ್ಲ. ಫೆಬ್ರವರಿ ರೇಸಿಗೆ ಮಗನ ಜೊತೆ ನಾನೇ ಹೋಗ್ತಿದೀನಿ.”

ನಾನು ಓಡಿ ಹೋಗಿ ಸಾಗರದ ಬಸ್ಸು ಹತ್ತಿದೆ. ಟಾರ್ಪಾಲು ನಾನೇ ಎಳೆದು ಬಿಸಾಕಿದೆ.

೧೨ ಫೆಬ್ರವರಿ ೧೯೬೭, ಭಾನುವಾರ, ರೇಸಿನ ಮೈದಾನ

ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿದೆ.

ಡಬ್ಬಿ ಹಿಡಿದು ಅವ್ವ ಕಾರಿನ ಹತ್ತಿರ ಹೋದಳು. ಚೆಕ್ ಮಾಡುವವನು ಓಡಿ ಬಂದ, ಹೋದ ಸಲದವನೇ. ಅಣ್ಣನ ಮುಖ ಬಿಳಿಚಿತು. ಅವ್ವ ಆ ಮನುಷ್ಯನನ್ನು ಸರಿಸಿ ಅಣ್ಣನ ಹಣೆಗೆ ಕುಂಕುಮ ಇಟ್ಟಳು. ಇಷ್ಟೇ ಇಷ್ಟು. ಆಮೇಲೆ ಬಗ್ಗಿ, ಸೆರಗಿನ ತುದಿಯಿಂದ ಹನ್ನೊಂದನ್ನು ಒರೆಸಿದಳು. ಅಲ್ಲಿ ಒರೆಸಲು ಏನೂ ಇರಲಿಲ್ಲ, ಆದರೂ ಎರಡೂ ಬಾಗಿಲು ಒರೆಸಿದಳು.

“ಓದಕ್ಕೆ ಬರ್ತದಾ ನೋಡೇ.”

“ಬರ್ತದವ್ವಾ. ಚೆನ್ನಾಗಿ ಬರ್ತದೆ.”

ಅಣ್ಣ ಹೆಲ್ಮೆಟ್ ಹಾಕಿಕೊಂಡುಬಿಟ್ಟ, ಕಣ್ಣು ಕಾಣದ ಹಾಗೆ.

ಬಾವುಟ ಬಿತ್ತು. ಧೂಳು... ಏನೂ ಕಾಣುತ್ತಿಲ್ಲ... ತಿರುವಿನಲ್ಲಿ ಮಂಜುನಾಥಪ್ಪನವರ ಕೆಂಪು ಕಾರು — ಅದರ ಹಿಂದೆ, ಅಲ್ಲ, ಪಕ್ಕ — ಬಂತು! ಹನ್ನೊಂದು! ಇಲ್ಲಿಗೇ ಕಾಣುತ್ತಿದೆ! ಅವ್ವ ಹಾಸಲು ತಂದಿದ್ದ ಕಂಬಳಿ ಬಿಸಾಕಿ ಎದ್ದಳು, ನನ್ನ ತೋಳು ಹಿಡಿದು ಎಳೆಯುತ್ತಿದ್ದಾಳೆ, “ಅದೇನ್ ಗೀಚ್ತಾ ಕೂತೀಯೇ, ಎದ್ದು ಕೂಗು” —