ಇಲಿಮರಿಗಿರುವ ಮರ್ಯಾದೆ

ಶೂರನಾದ ತಮ್ಮನಿಗೆ,

ಮಗಳು ಹದಿನಾರಾದರೂ ಮೈನೆರೆದಿಲ್ಲ, ಒಳ್ಳೆಯ ಡಾಕ್ಟರನ್ನು ಹೇಳು ಎಂದು ಬರೆದಿದ್ದೀಯ. ಅವಳನ್ನು ಇಲ್ಲಿಗೆ ಕಳಿಸು, ನಾನೇ ತೋರಿಸುತ್ತೇನೆ. ನೀನೂ ಬರುವುದಾದರೆ ಬಾಯಿ ತೊಳೆದುಕೊಂಡು ಬಾ.

"ಒಂದು ಗುಟುಕು ಕುಡಿ ಪುಟ್ಟಿ, ಧೈರ್ಯ ಬರುತ್ತೆ" ಎಂದು ವರ್ಷಗಟ್ಟಲೆ ಸ್ನೇಹಿತರೆದುರು ಅವಳ ಬಾಯಿಗೆ ನಿನ್ನ ಲೋಟ ಹಿಡಿದೆಯಲ್ಲ, ಅದನ್ನು ಡಾಕ್ಟರಿಗೆ ನೀನೇ ಹೇಳಬೇಕು. ನಮ್ಮ ಪ್ರಯೋಗಾಲಯದಲ್ಲಿ ಮದ್ಯ ಕುಡಿಸಿದ ಹೆಣ್ಣು ಇಲಿಗಳು ತಡವಾಗಿ ಪ್ರಾಯಕ್ಕೆ ಬರುತ್ತವೆ. ಇವಳಿಗೂ ಅದೇ ಕಾರಣವೇ, ನನಗೆ ಗೊತ್ತಿಲ್ಲ. ಆದರೆ ಒಂದು ಇಲಿಮರಿಗೆ ಕುಡಿಸಬೇಕಾದರೂ ನಾವು ಪ್ರಾಣಿಪ್ರಯೋಗದ ನೈತಿಕ ಸಮಿತಿಯ ಮುಂದೆ ಕೈಕಟ್ಟಿ ನಿಂತು ಅನುಮತಿ ಕೇಳಬೇಕು. ನೀನು ಅವಳ ತಾಯಿಯನ್ನೂ ಕೇಳಲಿಲ್ಲ.

ಇಲಿಮರಿ ವಾಸನೆಗೇ ಮುಖ ತಿರುಗಿಸುತ್ತದೆ. ಹಿಡಿದು, ಗಂಟಲಿಗೆ ನಳಿಕೆ ಇಳಿಸಿ ಕುಡಿಸಬೇಕು. ಇವಳು ಅಪ್ಪ ಕೊಟ್ಟದ್ದೆಂದು ಕುಡಿದಳು.

ಇತಿ,
ಪುಟ್ಟಿಯ ಅತ್ತೆ