ಕಬ್ಬಿನ ಆಚೆ ಕಡೆ ಯಾರಿದ್ದರು

ಹವಾಲ್ದಾರ ಕಾಕಾ,

ನೀವು ಹೋಗಿ ಎರಡು ಸುಗ್ಗಿ ಕಳೆದವು. ಈ ಕಾಗದವನ್ನು ಯಾವ ಅಂಚೆಯವನು ನಿಮಗೆ ಮುಟ್ಟಿಸುತ್ತಾನೋ ಗೊತ್ತಿಲ್ಲ. ಆದರೂ ನಿಮಗೊಂದು ಸುದ್ದಿ ಹೇಳಬೇಕು. ಹೇಳದ ಹೊರತು ನನಗೆ ಅನ್ನ ಸೇರುವಂತಿಲ್ಲ.

ನಮ್ಮ ಯಜಮಾನರು ತೀರಿಕೊಂಡ ಮರುವರ್ಷ ಅವರ ಬಂದೂಕನ್ನು ಹಳೆಯ ಧೋತರದಲ್ಲಿ ಸುತ್ತಿಕೊಂಡು ನಿಮ್ಮ ಅಂಗಳಕ್ಕೆ ಬಂದಿದ್ದೆ, ನೆನಪಿದೆಯೇ? ಬೆಳೆ ಕಾಯುವ ಲೈಸೆನ್ಸು ಆಗಷ್ಟೇ ನನ್ನ ಹೆಸರಿಗೆ ಆಗಿತ್ತು. ಹೊಳೆದಂಡೆಯ ನಮ್ಮ ಕಬ್ಬಿಗೆ ಕಾಡುಹಂದಿ ಬಿದ್ದಿದ್ದವು. ನೀವು ಫೌಜಿನಿಂದ ಪೆನ್ಶನ್ ಮೇಲೆ ಬಂದವರು. ನಮ್ಮ ಸತ್ತಿ ಊರಿನಲ್ಲಷ್ಟೇ ಅಲ್ಲ, ಅತ್ತ ಕಬ್ಬೂರಿನವರೂ ಬಂದೂಕು ಕೊಳ್ಳುವ ಮೊದಲು ನಿಮ್ಮನ್ನು ಕೇಳಿಯೇ ಕೊಳ್ಳುತ್ತಿದ್ದರು.

"ಇದರಿಂದ ಏನ ಮಾಡಾಕಿ ಯವ್ವಾ ನೀ?" ಎಂದು ಕೇಳಿದಿರಿ.

"ಹಂದಿ ಸಾಯಬಾರದ್ರಿ ಕಾಕಾ, ಹೋಗಬೇಕು. ನಾವು ಜೈನರ ಮಂದಿ."

ಕೆಮ್ಮು ಬರುವವರೆಗೂ ನಕ್ಕಿರಿ. "ಇಂಥಾ ಗಿರಾಕಿ ನನ್ನ ಕಡೆ ಒಮ್ಮೆನೂ ಬಂದಿರಲಿಲ್ಲ ನೋಡು!"

ನಿಮ್ಮ ಕಟ್ಟೆಯ ಮೇಲೆ ಎಷ್ಟು ಸಂಜೆ ಪಾಠ ನಡೆಯಿತು! ನನ್ನ ಬಂದೂಕೊಂದರ ಪಾಠ ಸಾಲದೆಂದು ಎಲ್ಲದರ ಜಾತಕ ಬಿಡಿಸಿದಿರಿ. ಬಾಯಿಂದ ಮದ್ದು ತುಂಬುವ ಠಾಸಣಿ ಬಂದೂಕು ಮುದುಕನಿದ್ದಂತೆ, ಒಮ್ಮೆ ಕೆಮ್ಮಿತೆಂದರೆ ಉಸಿರು ಹಿಡಿಯಲು ಹೊತ್ತು ಬೇಕು. ಎರಡು ನಳಿಗೆಯ ಬಾರಾ ಬೋರ್ ರೈತನದು, ನನ್ನದೂ ಅದೇ, ಸೀಸದ ಸಣ್ಣ ಛರ್ರೆಗಳು ಹರಡುತ್ತವೆ, ದೂರ ಹೋಗುವುದಿಲ್ಲ. ಥ್ರೀ ಫಿಫ್ಟೀನ್ ರೈಫಲ್ ಹಿಂದಿನ ಶಿಕಾರಿಯವರ ಶೋಕಿ, ಒಂದೇ ಗುಂಡು, ನೆಟ್ಟಗೆ ಬಲು ದೂರ. ಥ್ರೀ ನಾಟ್ ಥ್ರೀ ಮಾತ್ರ ಫೌಜಿನದು, ನಮ್ಮಂಥವರು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅದರ ಮಾತು ಬಂದಾಗ ನಿಮ್ಮ ಕೈ ತಾನಾಗಿ ಬಲಹೆಗಲನ್ನು ತಡವುತ್ತಿತ್ತು. "ಆಮ್ಯಾಲ ತಾನ ಲೋಡ್ ಆಗೂ ರೈಫಲ್ ಬಂದೂ. ಅವೂ ಚಲೋನ ಅದಾವು. ಆದ್ರ ಥ್ರೀ ನಾಟ್ ಥ್ರೀ ಇತ್ತಲ್ಲ, ಬೋಲ್ಟ್ ಎಳಿಯೂದರಾಗ ಮನಷ್ಯಾಗ ಒಂದ ಉಸರು ವಿಚಾರ ಮಾಡಾಕ ವ್ಯಾಳ್ಯಾ ಕೊಡತಿತ್ತು" ಎನ್ನುತ್ತಿದ್ದಿರಿ. ಆ ಉಸಿರಿನಲ್ಲಿ ನೀವು ಏನು ವಿಚಾರ ಮಾಡಿದ್ದಿರೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಮೊದಲ ಸಲ ನನ್ನ ಬಂದೂಕಿಗೆ ಎರಡು ಕಾಡತೂಸು ಹಾಕಿಕೊಟ್ಟಾಗ ಒಂದರ ಛರ್ರೆಗಳನ್ನೆಲ್ಲ ತೆಗೆದು ಬರೀ ಸಪ್ಪಳ ಮಾಡುವಂತೆ ಮಾಡಿದ್ದಿರಿ. ಇನ್ನೊಂದನ್ನು ಹಾಗೇ ಬಿಟ್ಟಿರಿ. "ಈ ನಳಗಿಯೊಳಗ ನಿನ್ನ ಧರ್ಮ, ಆ ನಳಗಿಯೊಳಗ ನಂದು. ನಂದು ನಿನಗ ಬ್ಯಾಡಾಗಲಿ." ಮೂರು ವರ್ಷ ನನ್ನ ಧರ್ಮವೇ ಸಾಕಾಯಿತು. ಒಂದು ಸಪ್ಪಳಕ್ಕೆ ಹಂದಿಗಳು ಹೊಳೆ ದಾಟುತ್ತಿದ್ದವು.

ನನ್ನ ಮೈದುನ ಬಾಳಗೌಡ ಮಿರಜಿನ ಕಡೆಯಿಂದ ಥ್ರೀ ಫಿಫ್ಟೀನ್ ತಂದ ದಿನ ನೀವು ಅದನ್ನು ಕೈಯಲ್ಲಿ ಹಿಡಿದು ನೋಡಿ, ಒರೆಸಿ, ತಿರುಗಿ ಕೊಟ್ಟಿರಿ. "ರೈಫಲ್ ಭಾಳ ಚಲೋ ಐತಿ ಗೌಡ್ರ. ನಮ್ಮ ಭೂಮಿಗೆ ಚಲೋ ಅಲ್ಲ. ಸಪಾಟ ನೆಲ, ಗುಂಡ ತಡಿಯಾಕ ಒಂದ ಗುಡ್ಡಿಲ್ಲ. ಹಂದಿ ಹಿಂದ ಯಾರದಾರ ಅನ್ನೂದು ಮೊದಲ ನೋಡಬೇಕು." ಅವನು ನಕ್ಕ. ಫೌಜಿನವನಿಗೆ ಅಂಜಿಕೆ ಹೊಕ್ಕಿದೆ ಎಂದು ಊರೆಲ್ಲ ಹೇಳುತ್ತ ತಿರುಗಿದ.

ಮತ್ತೆ ಆ ದಿನ... ಕಬ್ಬು ಕಡಿಯುವ ಗ್ಯಾಂಗು ಮೂರು ಕಡೆಯಿಂದ ಕಡಿಯುತ್ತ ಬಂದು, ನಡುವೆ ಒಂದು ತುಂಡು ಹೊಲ ಉಳಿದಿತ್ತು. ಅದರೊಳಗೆ ಹಂದಿ ಸಿಕ್ಕಿಬಿದ್ದಿತ್ತು. ಬಾಳಗೌಡ ಗರಿ ಅಲುಗಿದ ಕಡೆಗೆ ರೈಫಲ್ ಎತ್ತಿದ. "ಗೌಡ್ರ, ಆಚಿ ಕಡೆ ಕಾಣವಲ್ದು, ತಡೀರಿ" ಎಂದಿರಿ. ಅವನು ತಡೆಯಲಿಲ್ಲ. ನೀವು ನಡೆದು ಹೋಗಿ ನಳಿಗೆಯನ್ನು ಕೈಯಿಂದ ಮೇಲಕ್ಕೆತ್ತಿ ಹಿಡಿದಿರಿ. ಗುಂಡು ಆಕಾಶಕ್ಕೆ ಹೋಯಿತು. ಅದೇ ಕ್ಷಣ ಹಂದಿ ಹೊರಗೆ ಹಾರಿ ನಿಮ್ಮನ್ನು ಕೆಡವಿತು. ಬಾಳಗೌಡ ರೈಫಲ್ ಚೆಲ್ಲಿ ಓಡಿದ. ನಾನು ಒಂದನೇ ನಳಿಗೆ ಹಾರಿಸಿದೆ. ಹಂದಿ ಕದಲಲಿಲ್ಲ, ನಿಮ್ಮ ತೊಡೆ ಸೀಳುತ್ತಲೇ ಇತ್ತು. ಹತ್ತಿರ ಹೋಗಿ, ಅದರ ಮಗ್ಗುಲಿಗೆ ಹಿಡಿದು, ಎರಡನೆಯದನ್ನು...

ಮಿರಜಿನ ಆಸ್ಪತ್ರೆಯಲ್ಲಿ ಮೂರನೇ ದಿನ ನಾನು ನಿಮ್ಮ ಮಂಚದ ಪಕ್ಕ ಉಪವಾಸ ಕುಳಿತಿದ್ದೆ. "ಆ ಹಂದಿ ಕಣ್ಣು ಮರಿಯಾಕ ಆಗವಲ್ದ್ರಿ ಕಾಕಾ" ಎಂದೆ. ಆಗ ನೀವು ಹೆಂಡತಿಗೂ ಹೇಳದ ಮಾತು ನನಗೆ ಹೇಳಿದಿರಿ. ಲಡಾಯಿಯಲ್ಲಿ ಒಂದು ಬೆಳಗು, ಕಾಲುವೆಯ ಆಚೆ ನೀರು ಕುಡಿಯಲು ಬಗ್ಗಿದ ಒಬ್ಬ ಹುಡುಗ. ವಿಚಾರ ಮಾಡಲು ಸಿಕ್ಕ ಆ ಒಂದು ಉಸಿರು. ಆಮೇಲೂ ನೀವು ಒತ್ತಿದ ಬಂದೂಕಿನ ಘೋಡಾ. "ನನಗೂ ಮರಿಯಾಕ ಆಗಿಲ್ಲವ್ವಾ. ಮರಿಬ್ಯಾಡ. ಮರತೋರ ಕೈಯಾಗ ಬಂದೂಕ ಇರಬಾರದು." ಆಮೇಲೆ ನನ್ನ ಕೈಗೆ ಒಂದು ಮೋಸಂಬಿ ಕೊಟ್ಟು, ತಿನ್ನುವವರೆಗೂ ನೋಡುತ್ತ ಮಲಗಿದಿರಿ. ನನ್ನ ಸ್ವಂತ ಅಪ್ಪ ಇದ್ದಿದ್ದರೆ ಇನ್ನೇನು ಮಾಡುತ್ತಿದ್ದ?

ಊರಿಗೆ ಮರಳಿದ ಮೇಲೆ ನಾಲ್ಕೈದು ವರ್ಷ ಕಾಲೆಳೆಯುತ್ತಲೇ ನಡೆದಿರಿ. ಬಾಳಗೌಡ ಕ್ಷಮೆ ಕೇಳುವುದಿರಲಿ, "ಆಚಿ ಕಡೆ ಒಂದ ನಾಯಿನೂ ಇದ್ದಿಲ್ಲ, ಮುದಕ ಸುಮ್ಮ ತೊಡಿ ಹರಕೊಂಡ" ಎಂದು ಚಹಾದಂಗಡಿಯಲ್ಲಿ ಕುಳಿತು ಆಡಿದ. ನಿಮ್ಮ ಕಿವಿಗೆ ಬಿದ್ದಾಗ ನೀವು ಅಂದಿದ್ದು ಇಷ್ಟೇ: "ಯಾರೂ ಇದ್ದಿಲ್ಲ? ಭಾಳ ಚಲೋ ಆತು." ನಾನು ಯಾತ್ರೆಗೆ ಹೋದಾಗ ಎದೆನೋವು ಬಂದು ನೀವು ಹೋದಿರಿ. ಕೊನೆಗೊಮ್ಮೆ ನಿಮ್ಮ ಮುಖ ನೋಡಲು ನನಗೆ ಸಿಗಲಿಲ್ಲ.

ಹೋದ ವಾರ, ಆರೇಳು ವರ್ಷದ ಮೇಲೆ ಅದೇ ಗ್ಯಾಂಗು ನಮ್ಮ ಹೊಲಕ್ಕೆ ಬಂತು. ನೀರು ಕುಡಿಯಲು ಬಂದ ಸಾಳೂಬಾಯಿ ಎಂಬ ಹೆಂಗಸು ನೀವೆಲ್ಲಿ ಎಂದು ಮರಾಠಿಯಲ್ಲಿ ಕೇಳಿದಳು: "ತೇ ಫೌಜಿ ಬಾಬಾ ಕುಠಂ ಆಹೇತ್?" ನೀವಿಲ್ಲವೆಂದು ಹೇಳಿದೆ. ಅವಳು ಕೊಡ ಕೆಳಗಿಟ್ಟು ಅಲ್ಲೇ ಕುಳಿತಳು. ಆ ದಿನ ತಲೆ ಸುತ್ತಿ ಬಂದು, ಕಬ್ಬಿನ ಆಚೆ ಅಂಚಿನ ನೆರಳಲ್ಲಿ ಅವಳು ಮಲಗಿದ್ದಳಂತೆ. ಗರಿಗಳ ಸಂದಿನಿಂದ ರೈಫಲಿನ ಬಾಯಿ ಕಂಡಿತಂತೆ, ಅದನ್ನು ಮೇಲಕ್ಕೆತ್ತಿದ ಕೈಯೂ ಕಂಡಿತಂತೆ. ಕೆಲಸ ಬಿಟ್ಟು ಮಲಗಿದ್ದಕ್ಕೆ ಗ್ಯಾಂಗಿನ ಮುಕಾದಮ ಬಯ್ಯುತ್ತಾನೆಂದು ಬಾಯಿ ಬಿಡದೆ ತೆವಳಿ ಹೋದಳಂತೆ.

ಬಾಳಗೌಡ ಅಲ್ಲೇ ಬದುವಿನ ಮೇಲೆ ನಿಂತಿದ್ದ. ಎಲ್ಲ ಕೇಳಿಸಿಕೊಂಡ. ಮೊನ್ನೆ ರೈಫಲನ್ನು ನಿಪ್ಪಾಣಿಯ ಬಂದೂಕಿನ ಅಂಗಡಿಗೆ ಒಪ್ಪಿಸಿ ಬಂದು ನನ್ನ ಪಡಸಾಲೆಯಲ್ಲಿ ಕುಳಿತ. "ವೈನಿ, ಕಾಕಾನ ಮುಂದ ಒಂದ ಮಾತ ಹೇಳೂದಿತ್ತು. ಈಗ ಯಾರ ಮುಂದ ಹೇಳಲಿ?" ಎಂದು ಅತ್ತ. ಅವನ ಪರವಾಗಿ ನಾನು ಬರೆಯುತ್ತಿದ್ದೇನೆ.

ಇನ್ನೊಂದಿದೆ. ಅವಳಿಗೆ ಅಂದು ತಲೆ ಸುತ್ತಿದ್ದು ಬಿಸಿಲಿಗಲ್ಲ. ಅವಳ ಸೆರಗು ಹಿಡಿದು ಆರು ವರ್ಷದ ಒಂದು ಹುಡುಗಿ ನಿಂತಿತ್ತು, ಮುಂದಿನ ಹಲ್ಲು ಬಿದ್ದದ್ದು, ಕೈಯಲ್ಲಿ ಕಬ್ಬಿನ ಗಣಿಕೆ. ಕಬ್ಬಿನ ಆಚೆ ಕಡೆ ಇಬ್ಬರಿದ್ದರು, ಕಾಕಾ.

ನಿಮ್ಮ
ಸುಮತಿ