ಡಮ್ಮಿ ಮುಚ್ಚಳ

ಕಾರ್ಖಾನೆಯ ಕ್ಯಾಂಟೀನು,
ಹದಿನಾಲ್ಕನೇ ತಾರೀಖು, ಗುರುವಾರ ಮಧ್ಯಾಹ್ನ

ಮುದ್ದಿನ ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಲು ಹೋಗಿ ಕೈ ತಡೆಯಿತು. ನನ್ನ ಕ್ಷೇಮ ಕಟ್ಟಿಕೊಂಡು ನಿನಗೇನಾಗಬೇಕು? ನಿನ್ನದು ಹೇಗಿದೆ ಅಂತ ಹೋದ ವಾರದ ಕಾಗದದಲ್ಲೇ ಬರೆದಿದ್ದೀಯ.

ಇವತ್ತು ಬೆಳಿಗ್ಗೆ ನಮ್ಮ ಪುಟಾಣಿ ಕಾರಿನ ಕೊನೆಯದು ಲೈನಿನಿಂದ ಇಳಿಯಿತು. ಬಿಳಿ ಬಣ್ಣದ್ದು. ಮ್ಯಾನೇಜರು ಬಾನೆಟ್ಟಿಗೆ ರಿಬ್ಬನ್ ಕಟ್ಟಿಸಿ ಫೋಟೊ ತೆಗೆಸಿಕೊಂಡರು. ನಾವೂ ಚಪ್ಪಾಳೆ ತಟ್ಟಿದೆವು, ಯಾಕೆ ತಟ್ಟುತ್ತಿದ್ದೇವೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ. ಸೋಮವಾರದಿಂದ ಲೈನು ಬಂದ್.

ಹತ್ತೊಂಬತ್ತು ವರ್ಷದ ಹಿಂದೆ ಮೊದಲನೆಯದು ಬಂದಾಗ ಅದರಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಜಾಸ್ತಿ. ಪಕ್ಕದ ಕನ್ನಡಿ ಇಲ್ಲ, ಗಡಿಯಾರ ಇಲ್ಲ, ರೇಡಿಯೊ ಇಲ್ಲ. ಆದರೂ ಒಂದೇ ಸ್ಕೂಟರಿನಲ್ಲಿ ನಾಲ್ಕು ಜನ ನೇತಾಡುತ್ತಿದ್ದವರೆಲ್ಲ ಬಂದು ಅದರ ಬಾಗಿಲು ಸವರಿ ನೋಡುತ್ತಿದ್ದರು. ದುಬಾರಿ ಟಾಪ್ ಮಾಡೆಲ್ಲಿನಲ್ಲಿ ಸಾಮಾನು ಇರುವ ಕಡೆ ಅಗ್ಗದ ಬೇಸ್ ಮಾಡೆಲ್ಲಿನಲ್ಲಿ ತೂತು. ಆ ತೂತುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಕೂರಿಸುವುದು ನನ್ನ ಕೆಲಸ. ಡಮ್ಮಿ ಅನ್ನುತ್ತೇವೆ. ನಿನ್ನ ಮಗಳು ನನಗೆ ಡಮ್ಮಿ ದೊಡ್ಡಮ್ಮ ಅಂತಲೇ ಹೆಸರಿಟ್ಟಳಲ್ಲ. ನಮ್ಮ ದೊಡ್ಡಮ್ಮ ಏನೂ ಹಾಕಲ್ಲ, ಏನೂ ಇಲ್ಲ ಅಂತ ಗೊತ್ತಾಗದ ಹಾಗೆ ಮಾಡ್ತಾಳೆ ಅಂತ ಶಾಲೆಯಲ್ಲಿ ಹೇಳಿ ಬಂದಿದ್ದಳು. ನಿನ್ನ ಯಜಮಾನರು, ನಮ್ಮ ಮೇಷ್ಟ್ರು, ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಿದ್ದರು.

ಎರಡನೇ ಸಲ ಹೊಸ ರೂಪದಲ್ಲಿ ಬಂದಾಗ ಕಾರು ಒಂದು ಗೇಣು ಉದ್ದವಾಯಿತು. ಕನ್ನಡಿ ಬಂತು, ಸ್ಟೀರಿಂಗಿಗೆ ಏರ್‌ಬ್ಯಾಗ್ ಬಂತು. ಪಕ್ಕದ ಸೀಟಿನ ಏರ್‌ಬ್ಯಾಗ್ ಮಾತ್ರ ಟಾಪ್ ಮಾಡೆಲ್ಲಿಗೇ. ಬೇಸ್ ಮಾಡೆಲ್ಲಿನಲ್ಲಿ ಆ ಜಾಗಕ್ಕೆ ನನ್ನ ಸಾದಾ ಮುಚ್ಚಳ. ನೀವು ತೆಗೆದುಕೊಂಡದ್ದು ಬೇಸ್ ಮಾಡೆಲ್.

ನಮ್ಮ ಲೈನಿನಲ್ಲೊಂದು ರೂಢಿ ಇತ್ತು. ನಮ್ಮವರ ಮನೆಯ ಕಾರು ಬಂದರೆ ಒಬ್ಬೊಬ್ಬರೂ ಏನಾದರೂ ಹೆಚ್ಚಿಗೆ ಮಾಡಿ ಕಳಿಸಬೇಕು. ನಿಮ್ಮದು ಬಂದಾಗ ಬಾಗಿಲಿನವನು ಬಾಗಿಲನ್ನು ಎರಡು ಸಲ ಬಿಚ್ಚಿ ಕೂರಿಸಿದ. ಬಣ್ಣದವಳು ಇನ್ನೊಂದು ಕೈ ಹೊಡೆದಳು. ನನ್ನ ಹತ್ತಿರ ಕೊಡಲು ಏನಿತ್ತು? ಟಾಪ್ ಮಾಡೆಲ್ಲಿನ ಮುಚ್ಚಳ ಒಂದು ಮಿಕ್ಕಿತ್ತು. ಮೆತ್ತನೆಯದು, ಮೂಲೆಯಲ್ಲಿ ಏರ್‌ಬ್ಯಾಗ್ ಗುರುತು. ಚೆಂದ ಕಾಣುತ್ತೆ ಅಂತ ಅದನ್ನೇ ಒತ್ತಿ ಕೂರಿಸಿದೆ. ಅದರ ಹಿಂದೆ ಏನೂ ಇರಲಿಲ್ಲ ಪುಟ್ಟಿ. ಇದನ್ನು ಹೇಳುವುದಕ್ಕೇ ಈ ಕಾಗದ.

ಕಾರು ಮನೆಗೆ ಬಂದ ದಿನವೇ ಮೇಷ್ಟ್ರು ಆ ಗುರುತು ನೋಡಿದರು. ಅತ್ತಿಗೆ ಕದ್ದು ಏರ್‌ಬ್ಯಾಗ್ ಹಾಕಿಸಿದ್ದಾರೆ, ಯಾರಿಗೂ ಹೇಳಬೇಡಿ ಅಂತ ಬೀದಿಯಲ್ಲಿ ಎಲ್ಲರಿಗೂ ಹೇಳಿದರು. ಇಲ್ಲ ಮೇಷ್ಟ್ರೇ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ನೀನು ಕಾಫಿ ತಂದೆ, ಅವರ ಮುಖ ಅರಳಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಯಾವ ಕಾರಿನಲ್ಲೂ ಮುಂದೆ ಕೂರಲು ಹೆದರುತ್ತಿದ್ದ ಮನುಷ್ಯ ನಿನ್ನ ಪಕ್ಕ ಜಂಬದಿಂದ ಕೂರತೊಡಗಿದರು. ನಾಲ್ಕು ವರ್ಷ ನೋಡಿಕೊಂಡೇ ಇದ್ದೆ.

ಸೇತುವೆಯ ಮೇಲೆ ನಿಮ್ಮ ಕಾರಿಗೆ ಲಾರಿ ನುಗ್ಗಿದ ದಿನ ನಾನು ಆಸ್ಪತ್ರೆಗೆ ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಬಸ್ಸು ಸಿಗಲಿಲ್ಲ ಅಂದೆ. ನೀನು ನನ್ನ ಕೈ ಹಿಡಿದು, ನನ್ನ ಎದುರಿನ ಏರ್‌ಬ್ಯಾಗ್ ಬಿಚ್ಚಿಕೊಳ್ತು, ಅವರದು ಯಾಕೆ ಬಿಚ್ಚಿಕೊಳ್ಳಲಿಲ್ಲ ಅಕ್ಕ, ನೀನು ಕಾರ್ಖಾನೆಯವಳು, ಹೇಳು ಅಂದೆ. ನಾನು ಈ ವರ್ಷದ ಸರ್ವೀಸ್ ಮಾಡಿಸಿದ್ದೆಯಾ ಅಂತ ಕೇಳಿದೆ. ಇಲ್ಲ, ಮುಂದಿನ ತಿಂಗಳು ಅಂತ ಬಿಟ್ಟಿದ್ದೆ ಅಂದೆ ನೀನು. ನಾನು ತಲೆ ತಗ್ಗಿಸಿ ಸುಮ್ಮನಾದೆ. ಆ ಸುಮ್ಮನಿರುವಿಕೆಯನ್ನು ಆರು ವರ್ಷದಿಂದ ನೀನು ಹೊತ್ತುಕೊಂಡು ತಿರುಗುತ್ತಿದ್ದೀಯ.

ಈಗ ಮಗಳಿಗೂ ಅದನ್ನೇ ಹೇಳಿದೆಯಂತೆ, ನಿಮ್ಮಪ್ಪನನ್ನು ಕೊಂದದ್ದು ನನ್ನ ಸೋಮಾರಿತನ ಅಂತ. ಅವಳು ನಿನ್ನ ಜೊತೆ ಮಾತು ಬಿಟ್ಟು ಹಾಸ್ಟೆಲಿಗೆ ಹೋದಳಂತೆ. ನಿನ್ನ ಸರ್ವೀಸಿಗೂ ಅವರ ಸಾವಿಗೂ ಏನೇನೂ ಸಂಬಂಧವಿಲ್ಲ. ಈ ಕಾಗದವನ್ನು ಅವಳಿಗೆ ಓದಲು ಕೊಡು. ಓದುತ್ತಾಳೋ ಇಲ್ಲವೋ, ಓದಿದರೂ ಆರು ವರ್ಷ ವಾಪಸ್ ಬರುತ್ತದೆಯೇ? ನನಗೆ ಯಾವ ನಂಬಿಕೆಯೂ ಉಳಿದಿಲ್ಲ.

ಮೂರನೇ ಸಲದ ಕಾರಿಗೆ ಎರಡೂ ಕಡೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಬೆಲೆ ಏರಿತು, ಕೊಳ್ಳುವವರು ಕಡಿಮೆಯಾದರು, ಅದೇ ಅದಕ್ಕೆ ಮುಳುವಾಯಿತು. ಡಮ್ಮಿ ಬೇಡವಾದ್ದರಿಂದ ನನ್ನನ್ನು ಲೇಬಲ್ ಅಂಟಿಸಲು ಹಾಕಿದರು. ಇವತ್ತಿನ ಬಿಳಿ ಕಾರಿನಲ್ಲಿ ಕೂತು ಆ ಗುರುತಿನ ಮೇಲೆ ಕೈ ಇಟ್ಟೆ. ಅದರ ಹಿಂದೆ ನಿಜವಾದದ್ದೇ ಇತ್ತು. ಅಳು ತಡೆಯಲಾಗಲಿಲ್ಲ. ಕೆಲಸ ಹೋಯಿತಲ್ಲ ಅಂತ ಅಳುತ್ತಿದ್ದಾಳೆ ಅಂದುಕೊಂಡು ಬಾಗಿಲಿನವನು ನೀರು ತಂದುಕೊಟ್ಟ.

ಕ್ಷಮಿಸು ಅಂತ ಬರೆಯುವುದಿಲ್ಲ. ಉತ್ತರ ಬರೆಯಬೇಡ.

ಇಂತಿ ನಿನ್ನ ಅಕ್ಕ,
ಡಮ್ಮಿ ದೊಡ್ಡಮ್ಮ

ಮರೆತ ಮಾತು: ಅವತ್ತು ಬಸ್ಸು ಸಿಕ್ಕಿತ್ತು. ಮೊದಲು ಕಾರು ನಿಲ್ಲಿಸಿದ್ದ ಗ್ಯಾರೇಜಿಗೆ ಹೋದೆ. ಅಪಘಾತದ ತಪಾಸಣೆಯವರು ಬರುವ ಮುಂಚೆ ಗುರುತಿದ್ದ ಆ ಮುಚ್ಚಳ ಕಿತ್ತು, ಲೈನಿನಿಂದ ತಂದ ಸಾದಾ ಮುಚ್ಚಳ ಕೂರಿಸಿ, ಆಮೇಲೆ ನಿನ್ನ ಹತ್ತಿರ ಬಂದೆ. ಡ್ಯಾಶ್‌ಬೋರ್ಡ್ ಸೀಳಿತ್ತು, ಆದರೂ ಸಂದು ಕಾಣದ ಹಾಗೆ ಕೂರಿಸಿದ್ದೆ. ಕಿತ್ತದ್ದನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಹುಷಾರಾಗಿ ಬಿಚ್ಚು, ಮೇಷ್ಟ್ರ ಕನ್ನಡಕದ ಚೂರೊಂದು ಅದರಲ್ಲಿ ಇನ್ನೂ ನಾಟಿಕೊಂಡಿದೆ.